ಕಿಟಕಿಯ ಕದ

ಮಾಗಿಯಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡಲು ಮಧುಗಿರಿಯ ನಮ್ಮ ಬೀದಿಯವರು ಸೂಲಗಿತ್ತಿಯನ್ನೇ ಕರೆಯುತ್ತಿದ್ದರು. ಇದ್ದಿಲಿನ ಹೊಗೆಯನ್ನು ಅಂಗಳದಲ್ಲೇ ಹೋಗಲಾಡಿಸಿ, ಕೆಂಡವನ್ನು ಒಳಗಿಟ್ಟು, ಕಿಟಕಿ ತೆರೆದು, "ಬೆಂಕೀಗೂ ಉಸ್ರು ಬೇಕು ಕಣಪ್ಪ" ಎನ್ನುತ್ತಿದ್ದಳು.

ನನ್ನ ಮಗಳು ಬಾಣಂತಿಯಾದಾಗ ಸೂಲಗಿತ್ತಿ ತೆರೆದ ಕಿಟಕಿಯನ್ನು ನಾನು ಅವಳ ಬೆನ್ನಹಿಂದೆಯೇ ಮುಚ್ಚುತ್ತಿದ್ದೆ; ಯಾರು ಸೀನಿದರೂ ಸನ್ನಿಯೆಂದು ನಡುಗುವ ಜೀವ ನನ್ನದು. ಒಂದು ದಿನ ಅವಳ ಕೈಗೆ ಸಿಕ್ಕಿಬಿದ್ದಾಗ, "ಮಗುವಿಗೆ ಶೀತ ಆಗುತ್ತಮ್ಮ" ಎಂದೆ.

"ಇನ್ನೊಂದು ಕಂಬ್ಳಿ ಹೊದ್ಸು. ನೀನೂ ಒಂದು ಹೊದ್ಕಂಡು ಸುಮ್ಕೆ ಕೂತ್ಕ" ಎಂದವಳೇ ಕದವನ್ನೇ ಕಿತ್ತು, ತಲೆಮೇಲೆ ಹೊತ್ತು ತನ್ನ ಮನೆಗೆ ನಡೆದಳು.

ಚಳಿ ಕಳೆದ ಮೇಲೆ ಅದನ್ನು ತರಲು ಹೋದೆ. ಆಕೆಯ ಒಳಕೋಣೆಯ ಕಿಟಕಿಗೂ ಕದವಿರಲಿಲ್ಲ. ಅದೇಕೆಂದೆ. ಬರಿಯ ಚೌಕಟ್ಟನ್ನು ಸವರುತ್ತ, "ನನ್ ಮಗ್ಳೂ ಕೂಸೂ ಮಲಗಿದ್ರು. ಕೆಂಡ ಇಟ್ಟು, ಚಳಿ ಅಂತ ನಾನೇ ಮುಚ್ಚಿದ್ದೆ. ಬೆಳಿಗ್ಗೆ ಇಬ್ರೂ ಏಳ್ಲಿಲ್ಲ" ಎಂದಳು.

ನಮ್ಮ ಕದವನ್ನು ಅಲ್ಲೇ ಬಿಟ್ಟು ಬಂದೆ.