ಗಿರಿಜಕ್ಕನ ತೋರುಬೆರಳು

ಗಿರಿಜಕ್ಕನ ಎಡಗೈಯ ತೋರುಬೆರಳು ನೆನಪಾದರೆ ಇವತ್ತಿಗೂ ನನಗೆ ಮೈ ಜುಂ ಎನ್ನುತ್ತದೆ. ಬೀಡಿ ಕಟ್ಟಿ ಕಟ್ಟಿ ತುದಿ ಚಪ್ಪಟೆಯಾಗಿ, ಹೊಗೆಸೊಪ್ಪಿನ ಬಣ್ಣ ಹಿಡಿದ ಬೆರಳು ಅದು.

ಕಡಬದ ನಮ್ಮ ಬಾಡಿಗೆ ಮನೆಗೆ ತಾಗಿಯೇ ಅವರ ಮನೆ, ನಡುವೆ ಒಂದೇ ಗೋಡೆ. ನಾನೋ ಹುಟ್ಟಾ ಪುಕ್ಕಲಿ. ತಂಗಿಗೆ ಮಗುವಾದ ಮೇಲೆ ಅವಳ ನಾಯಿ ಬೊಳ್ಳು ನನ್ನ ಪಾಲಿಗೆ ಬಂತು. ಗಾತ್ರ ಬೆಕ್ಕಿನಷ್ಟು, ಕೂದಲು ಮಾತ್ರ ನೆಲ ಗುಡಿಸುವಷ್ಟು ಉದ್ದ, ಬೆಳ್ಳಗೆ. ಬಂದ ವಾರವೇ ಬಾಚದೆಯೇ ಸ್ನಾನ ಮಾಡಿಸಿಬಿಟ್ಟೆ. ಒಣಗಿದ ಮೇಲೆ ನೋಡಿದರೆ ಕಿವಿಯ ಹಿಂದೆಲ್ಲ ಗಂಟು, ತೆಂಗಿನ ನಾರಿನ ಉಂಡೆಯ ಹಾಗೆ. ಕತ್ತರಿ ಹಿಡಿದೆ. ಗಂಟು ಎಳೆದರೆ ಚರ್ಮವೂ ಜೊತೆಗೇ ಎದ್ದು ಬರುತ್ತಿತ್ತು. ಕೂದಲು ಎಲ್ಲಿ ಮುಗಿಯಿತು, ನಾಯಿ ಎಲ್ಲಿ ಶುರುವಾಯಿತು, ಒಂದೂ ಗೊತ್ತಾಗದು. ಬೊಳ್ಳು ಕುಂಯ್ ಎಂದದ್ದಕ್ಕೆ ನಾನು ಕಿರುಚಿದೆ.

ಗಿರಿಜಕ್ಕ ಮಡಿಲಲ್ಲಿದ್ದ ಬೀಡಿ ಎಲೆಯ ಗೆರಸೆ ಬದಿಗಿಟ್ಟು ಓಡಿ ಬಂದರು.

"ಎಂತ ಮಾರಾಯ್ತಿ, ಪಾಪದ ನಾಯಿಯನ್ನು ಕೊಲ್ಲುದಾ ನೀನು? ಬೀಡಿ ಎಲೆಗೆ ಮೊದಲು ನೀರು, ಮತ್ತೆ ಕತ್ತರಿ. ಇದಕ್ಕೆ ಹಾಗಲ್ಲ. ಮೊದಲು ಗಂಟು ಬಿಡಿಸುದು, ಮತ್ತೆ ನೀರು. ಒದ್ದೆಯಾದರೆ ಗಂಟು ಬಿಗಿಯುದಲ್ವಾ?"

ಚಕ್ಕಳಮಕ್ಕಳ ಹಾಕಿ ಕೂತು, ಬೊಳ್ಳುವನ್ನು ತೊಡೆಯ ಮೇಲೆ ಮಲಗಿಸಿ, ಒಂದು ಹನಿ ತೆಂಗಿನೆಣ್ಣೆ ಹಚ್ಚಿ ಎಳೆ ಎಳೆಯಾಗಿ ಬಿಡಿಸಿದರು. ಬಿಡದ ಗಂಟಿನ ಅಡಿಗೆ ತೋರುಬೆರಳು ತೂರಿಸಿ, ಬೆರಳಿನ ಮೇಲಿಂದ ಬೀಡಿ ಕತ್ತರಿ ಆಡಿಸಿದರು.

"ಕತ್ತರಿಗೂ ಚರ್ಮಕ್ಕೂ ಮಧ್ಯೆ ನನ್ನ ಬೆರಳುಂಟು. ತಾಗಿದರೆ ಮೊದಲು ನನಗೆ ಗೊತ್ತಾಗ್ತದೆ. ಹೆದರ್ಬೇಡ."

ಹೀಗೆ ನಾಲ್ಕು ವರ್ಷ, ಪ್ರತೀ ಆದಿತ್ಯವಾರ. ನಾನು ಬಾಗಿಲ ಹತ್ತಿರ ಕಣ್ಣು ಮುಚ್ಚಿ ನಿಲ್ಲುವುದು, ಅವರು "ನಿನಗಿಂತ ಬೊಳ್ಳುವಿಗೇ ಧೈರ್ಯ ಜಾಸ್ತಿ" ಎಂದು ನಗುವುದು.

ಕಳೆದ ವರ್ಷ ಇದ್ದಕ್ಕಿದ್ದಂತೆ ಬೀಡಿ ಕಟ್ಟುವುದು ಬಿಟ್ಟರು. ಕೇಳಿದರೆ, "ಕಣ್ಣು ಮಂಜು ಮಂಜು" ಎಂದರು. ಆ ವಾರವೇ ಕತ್ತರಿ ನನ್ನ ಕೈಗೆ ಬಂತು. "ನೀನು ಕತ್ತರಿಸು, ಬೆರಳು ನಾನು ಇಡ್ತೇನೆ." ಉಸಿರು ಬಿಗಿಹಿಡಿದು ಮೂರು ವಾರ ಹೇಗೋ ಕಳೆದೆ. ನಾಲ್ಕನೆಯ ವಾರ ಕಿವಿಯ ಹಿಂದೆ ಕತ್ತರಿ ಏನೋ ಮೆತ್ತಗಿನದನ್ನು ಕಚ್ಚಿತು. ಬಿಳಿ ಕೂದಲು ಕೆಂಪಾಯಿತು.

ಕತ್ತರಿ ಬಿಸಾಡಿ ಬೊಳ್ಳುವಿನ ಕಿವಿ ತಡಕಿದೆ. ಗಿರಿಜಕ್ಕನೂ ಬಗ್ಗಿ, "ಅಯ್ಯೋ ದೇವರೇ, ಎಲ್ಲಿ ತಾಗಿತು ಇದಕ್ಕೆ?" ಎಂದು ಹುಡುಕಿದರು. ಹುಡುಕುತ್ತಿದ್ದ ಅವರ ಬೆರಳಿನಿಂದಲೇ ರಕ್ತ ಸುರಿಯುತ್ತಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ!

ಕೈ ಹಿಡಿದೆತ್ತಿ ತೋರಿಸಿದೆ. ಬೇರೆ ಯಾರದ್ದೋ ಬೆರಳು ಎಂಬಂತೆ ನೋಡಿದರು. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿ ಇಲ್ಲ.

"ಸಕ್ಕರೆ ಕಾಯಿಲೆ" ಎಂದರು ಮೆಲ್ಲಗೆ. "ಬೆರಳಿಗೆ ಈಗ ಎಂತದೂ ಗೊತ್ತಾಗುದಿಲ್ಲ. ಎಲೆ ಹಿಡಿದದ್ದೂ ತಿಳಿಯುದಿಲ್ಲ. ಹೇಳಿದರೆ ನೀನು ಬೊಳ್ಳುವನ್ನು ನನ್ನ ಕೈಗೆ ಕೊಡ್ಲಿಕ್ಕಿಲ್ಲ ಅಂತ ಹೇಳಲಿಲ್ಲ."

ಆ ಗಾಯ ವಾಸಿಯಾಯಿತು. ಆದರೆ ಅವರಿಗೇ ತಿಳಿಯದ ಹಾಗೆ ಪಾದದಲ್ಲೊಂದು ಹುಣ್ಣು ಬೆಳೆದಿತ್ತು. ಪುತ್ತೂರಿನ ಆಸ್ಪತ್ರೆಗೆ ಹೋದವರು ಮರಳಲಿಲ್ಲ.

ಈಗ ಗಂಟಿನ ಅಡಿಗೆ ನನ್ನ ಬೆರಳು. ಹೆದರಿಕೆ ಇನ್ನೂ ಹೋಗಿಲ್ಲ. ಮೊನ್ನೆ ಕತ್ತರಿ ತಾಗಿ ಬೆರಳು ಚುರ್ ಎಂದಿತು. "ಗೊತ್ತಾಯಿತು ಗಿರಿಜಕ್ಕಾ" ಎಂದು ಗೋಡೆಯಾಚೆಗೆ ಕೇಳುವ ಹಾಗೆ ಹೇಳಿ ಅತ್ತುಬಿಟ್ಟೆ.