ಸೋಪಕ್ಕ ಒಗೆಯದ ಬಟ್ಟೆ

ನಮ್ಮ ಕಾಲೇಜಿನ ಕ್ರೀಡಾ ಕಚೇರಿಯಲ್ಲಿ ನಾನು ಗುಮಾಸ್ತ. ಹದಿನಾರು ವರ್ಷದಿಂದ ಅದೇ ಕುರ್ಚಿ, ಅದೇ ಕಿರುಗುಟ್ಟುವ ಫ್ಯಾನು. ಆಟ ಎಂದರೆ ನನಗೆ ಆಗುವುದಿಲ್ಲ, ಆಟಗಾರರೆಂದರೆ ಇನ್ನೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಕಚೇರಿಯ ಸುತ್ತಮುತ್ತ ನಾನು ಕಂಡವರಲ್ಲಿ ಮರ್ಯಾದೆಯಿಂದ ನೆನೆಯಬಹುದಾದ ಜೀವ ಒಂದೇ ಒಂದು. ಅದು ಆಟದ ಬಟ್ಟೆ ಒಗೆಯುತ್ತಿದ್ದ ಹೆಂಗಸು. ಹುಡುಗರು ಆಕೆಯನ್ನು ಸೋಪಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು.

ಸೋಪಕ್ಕನ ಕೋಣೆ ಮೈದಾನದ ಹಿಂದೆ, ನೀರಿನ ಟ್ಯಾಂಕಿನ ಕೆಳಗೆ ಇತ್ತು. ತಗಡಿನ ಛಾವಣಿ, ಸಿಮೆಂಟಿನ ತೊಟ್ಟಿ, ಎರಡು ವಾಷಿಂಗ್ ಮಷೀನು. ಅದರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಗೋಡೆಯುದ್ದಕ್ಕೂ ನಂಬರು ಬರೆದ ಮರದ ಗೂಡುಗಳು, ಒಬ್ಬೊಬ್ಬ ಆಟಗಾರನ ಜರ್ಸಿಗೆ ಒಂದೊಂದು. ಆಕೆಯ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವಳು. ಬಟ್ಟೆಯನ್ನು ನೀರಿಗೆ ಹಾಕುವ ಮುಂಚೆ ಮೂಗಿಗೆ ಹಿಡಿ, ಏನು ಅಂಟಿದೆ ಅಂತ ಮೂಗು ಹೇಳುತ್ತದೆ ಅಂತ ಅಲ್ಲೇ ಕಲಿಸಿದ್ದಳಂತೆ. ಆ ಅಭ್ಯಾಸ ಎಷ್ಟರಮಟ್ಟಿಗೆ ಹತ್ತಿತ್ತೆಂದರೆ, ಸಂಜೆ ಮನೆಗೆ ಬಂದ ಗಂಡನ ಅಂಗಿಯನ್ನೂ ಬಾಗಿಲಲ್ಲೇ ಮೂಸಿ ಒಳಗೆ ಬಿಡುತ್ತಿದ್ದಳು. ಆ ಬಡಪಾಯಿ ವಾಚು ರಿಪೇರಿ ಮಾಡುವವನು, ಟೀಗಿಂತ ಹೆಚ್ಚಿನದೇನನ್ನೂ ಕುಡಿದವನಲ್ಲ. "ಅವರು ಕಣ್ಣಿಗೆ ಗಾಜು ಇಟ್ಕೊಂಡು ಸಣ್ಣ ಕೊಳೆ ತೆಗೀತಾರೆ, ನಾನು ಹಾಗೇ ದೊಡ್ಡ ಕೊಳೆ ತೆಗೀತೀನಿ" ಎಂದು ನಗುತ್ತಿದ್ದಳು.

ಮೂಟೆ ಬಿಚ್ಚಿದರೆ ಸೋಪಕ್ಕ ಮೂರು ಗುಡ್ಡೆ ಮಾಡುತ್ತಿದ್ದಳು. ಮಣ್ಣಿನದು ಒಂದು, ಬೆವರಿನದು ಒಂದು, ಮೂರನೆಯದಕ್ಕೆ ಆಕೆ ಇಟ್ಟ ಹೆಸರು ಹೊಲಸು. ಮಣ್ಣಿನ ಬಟ್ಟೆ ಓದಿಕೊಂಡೇ ಒಗೆಯುತ್ತಿದ್ದಳು. ಮೊಣಕೈಯಲ್ಲಿ ಹುಲ್ಲಿನ ಕಲೆ ಇದ್ದರೆ ಇವನು ಬಿದ್ದಿದ್ದಾನೆ, ಕಾಲರು ಹಿಗ್ಗಿದ್ದರೆ ಯಾರೋ ಎಳೆದಿದ್ದಾರೆ, ಬೆನ್ನು ಒಣಗಿದ್ದರೆ ಬೆಂಚಿನ ಮೇಲೇ ಕೂತಿದ್ದಾನೆ. ಪಂದ್ಯದ ವರದಿ ನನ್ನ ಮೇಜಿಗೆ ಬರುವ ಮೊದಲೇ ಆಕೆಯ ತೊಟ್ಟಿಗೆ ಬಂದಿರುತ್ತಿತ್ತು.

ಹೊಲಸಿನ ಗುಡ್ಡೆ ಬರುತ್ತಿದ್ದದ್ದು ಹಾಕಿ ಕ್ಲಬ್ಬಿನಿಂದ. ಬೇರೆ ಊರಿಗೆ ಹೋಗಿ ಗೆದ್ದರೆ ಬಟ್ಟೆ ಬದಲಿಸದೆ ಜರ್ಸಿಯಲ್ಲೇ ಬಸ್ಸು ಹತ್ತುವುದು ಆ ಕ್ಲಬ್ಬಿನ ಪದ್ಧತಿ. ಹತ್ತಿದ ಮೇಲೆ ಕುಡಿಯುವುದು ಇನ್ನೊಂದು ಪದ್ಧತಿ. ಕುಡಿದದ್ದೆಲ್ಲ ಎದೆಯ ಮೇಲೆ, ತೋಳಿನ ಮೇಲೆ, ಪಕ್ಕದವನ ಬೆನ್ನಿನ ಮೇಲೆ ವಾಪಸ್ಸು ಬರುತ್ತಿತ್ತು. ಹುಳಿ ಬಿಯರು, ಅರ್ಧ ಕರಗಿದ ಊಟ, ಎರಡು ದಿನ ಕಟ್ಟಿಟ್ಟ ಮೂಟೆಯಲ್ಲಿ ಬೆಂದು ಸೋಪಕ್ಕನ ಕೈಗೆ ಸಿಗುತ್ತಿತ್ತು. ನಾನೊಮ್ಮೆ ಅಲ್ಲಿ ನಿಂತಿದ್ದೆ. ಮೂಗು ಮುಚ್ಚಿಕೊಂಡು ಓಡಿಬಂದೆ. ಆಕೆ ಓಡುವ ಹಾಗಿರಲಿಲ್ಲ.

ಕಾಲೇಜಿನಲ್ಲಿ ಇದಕ್ಕೊಂದು ನಿಯಮವಿತ್ತು. ಬಸ್ಸು ಹೊರಟಾಗಿನಿಂದ ವಾಪಸ್ಸು ಬರುವವರೆಗೆ ಯಾರೊಬ್ಬರು ಮದ್ಯ ಮುಟ್ಟಿದರೂ ಇಡೀ ಕ್ಲಬ್ಬಿಗೆ ಒಂದು ವರ್ಷ ನಿಷೇಧ. ಆದರೆ ತಪ್ಪು ಮಾಡಿದವನು ದೂರು ಬಂದ ಎರಡು ದಿನದೊಳಗೆ ತಾನಾಗಿ ಒಪ್ಪಿಕೊಂಡರೆ ಶಿಕ್ಷೆ ಅವನೊಬ್ಬನಿಗೆ ಮಾತ್ರ. ಹುಡುಗರಲ್ಲಿ ಪ್ರಾಮಾಣಿಕತೆ ಬೆಳೆಯಲಿ ಅಂತ ಯಾರೋ ಪುಣ್ಯಾತ್ಮರು ಬರೆದ ಸಾಲು ಅದು. ಹಾಕಿ ಕ್ಲಬ್ಬಿನವರು ಅದರಿಂದ ಬೆಳೆಸಿದ್ದು ಬೇರೆ. ಪ್ರತಿ ವರ್ಷ ಅವರು ತಂಡಕ್ಕೆ ಒಬ್ಬ ಹೆಚ್ಚಿನವನನ್ನು ಸೇರಿಸಿಕೊಳ್ಳುತ್ತಿದ್ದರು. ಅವನಿಗೆ ಆಟ ಅಷ್ಟಕ್ಕಷ್ಟೆ ಬರಬೇಕು, ಆಡುವ ಆಸೆ ಮಾತ್ರ ಪ್ರಾಣ ಹೋಗುವಷ್ಟಿರಬೇಕು. ಅವನಿಗೆ ಹತ್ತೊಂಬತ್ತನೇ ನಂಬರಿನ ಜರ್ಸಿ. ಮೈದಾನಕ್ಕೆ ಅವನನ್ನು ಇಳಿಸುತ್ತಿರಲಿಲ್ಲ. ಸಿಕ್ಕಿಬಿದ್ದ ದಿನ ಎಲ್ಲರ ಪರವಾಗಿ ತಪ್ಪೊಪ್ಪಿಕೊಳ್ಳುವುದು ಅವನ ಕೆಲಸ.

ಇದು ಗುಟ್ಟೇನಲ್ಲ. ಪಿ.ಟಿ. ಮೇಷ್ಟ್ರಿಗೆ ಗೊತ್ತು, ಪ್ರಿನ್ಸಿಪಾಲರಿಗೆ ಗೊತ್ತು, ಪತ್ರ ಟೈಪ್ ಮಾಡುವ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಎಲ್ಲರೂ ಜಾಣಕುರುಡು. ನಾನು ಹೇಳಹೊರಟ ವರ್ಷದವರೆಗೆ ಒಪ್ಪಿಕೊಂಡವನಿಗೆ ಆಗುತ್ತಿದ್ದದ್ದು ತಂಡದಿಂದ ಅಮಾನತು, ಆಮೇಲೆ ನಾಚಿಕೆಯಿಂದ ಅವನಾಗಿಯೇ ಮೈದಾನ ಬಿಡುತ್ತಿದ್ದ. ಆ ವರ್ಷ ಮೇಲಿನವರು ಕಟ್ಟುನಿಟ್ಟು ಮಾಡಿದರು. ಅಮಾನತಾದವನಿಗೆ ಹಾಸ್ಟೆಲ್ ಕೋಣೆಯೂ ಇಲ್ಲ. ಆ ವರ್ಷದ ಹತ್ತೊಂಬತ್ತನೇ ನಂಬರಿನವನು ದೂರದಿಂದ ಬಂದ ಮೊದಲ ವರ್ಷದ ಹುಡುಗ. ಒಂದು ದಿನದ ಬಸ್ಸಿನ ದಾರಿ. ಹಾಸ್ಟೆಲ್ ಹೋದರೆ ಅವನ ಓದೂ ಹೋದಂತೆಯೇ.

ಸೆಮಿಫೈನಲ್ ಗೆದ್ದು ಬಂದ ಮರುದಿನ ಬಸ್ಸಿನ ಚಾಲಕ ನನ್ನ ಮೇಜಿನ ಮೇಲೆ ದೂರು ಬರೆದಿಟ್ಟು ಹೋದ. ಸೀಟುಗಳ ಮೇಲೆ ವಾಂತಿ, ಹಿಂದಿನ ಸಾಲಿನ ಕೆಳಗೆ ಬಾಟಲಿಗಳು. "ಇನ್ಮೇಲೆ ಇವರನ್ನ ಕೂರಿಸ್ಕೊಂಡು ಹೋಗೋಕೆ ನಂಗೆ ಹೇಳ್ಬೇಡಿ. ದನ ಸಾಗಿಸಿದ್ರೂ ಬಸ್ಸು ಇದಕ್ಕಿಂತ ಚೊಕ್ಕವಾಗಿರ್ತಿತ್ತು" ಎಂದ. ಬರೆದು ಕೊಟ್ಟ ದೂರನ್ನು ನುಂಗುವ ಹಾಗಿಲ್ಲ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಸ್ತು ಸಮಿತಿ ಸೇರಬೇಕೆಂದಾಯಿತು.

ಮಂಗಳವಾರ ಮಧ್ಯಾಹ್ನ ಸೋಪು ಬಂದ ರಸೀದಿಗೆ ಸಹಿ ಹಾಕಿಸಲು ನಾನು ಆ ಕೋಣೆಗೆ ಹೋದೆ. ಮೂಟೆ ಹೊತ್ತು ತಂದಿದ್ದ ಹುಡುಗ ಅಲ್ಲೇ ಇದ್ದ. ಮೂಟೆ ಹೊರುವುದೂ ಹತ್ತೊಂಬತ್ತರ ಪಾಲಿನ ಕೆಲಸವೇ. ಸೋಪಕ್ಕ ಗುಡ್ಡೆ ಮಾಡಿ ಮುಗಿಸಿದ್ದಳು. ಹನ್ನೊಂದು ಜರ್ಸಿ ಹೊಲಸಿನ ಕಡೆ. ಎಲ್ಲಕ್ಕಿಂತ ಮೇಲೆ ಏಳನೇ ನಂಬರು, ಕ್ಯಾಪ್ಟನ್ನನದು, ಎದೆಯಿಂದ ಹೊಟ್ಟೆಯವರೆಗೆ ಹಳದಿಯಾಗಿ ಒಣಗಿ ಹಕ್ಕಳೆ ಕಟ್ಟಿತ್ತು. ಆಕೆಯ ಕೈಯಲ್ಲಿ ಹತ್ತೊಂಬತ್ತರ ಜರ್ಸಿ. ಆಕೆಯೇ ಇಸ್ತ್ರಿ ಮಾಡಿ ಕೊಟ್ಟ ಮಡಿಕೆ ಇನ್ನೂ ಹಾಗೇ ಇತ್ತು.

"ನೀನು ಕುಡಿದೆಯೇನಪ್ಪ?" ಎಂದಳು.

"ಇಲ್ಲ ಅಕ್ಕ. ನಂಗೆ ಅದರ ವಾಸನೆನೇ ಆಗಲ್ಲ."

"ಮತ್ತೆ ನಾಳೆ ನೀನ್ಯಾಕೆ ಹೋಗ್ತಿದ್ದೀಯ?"

ಹುಡುಗ ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಯಾರಾದ್ರೂ ಹೋಗ್ಲೇಬೇಕಲ್ಲ ಅಕ್ಕ. ಇಲ್ಲಾಂದ್ರೆ ಫೈನಲ್ಲೇ ಇರಲ್ಲ. ಮುಂದಿನ ವರ್ಷ ನನ್ನ ಆಡಿಸ್ತೀನಿ ಅಂತ ಕ್ಯಾಪ್ಟನ್ ಮಾತು ಕೊಟ್ಟಿದ್ದಾನೆ. ಹಾಸ್ಟೆಲ್ ವಿಷಯನೂ ಅವರಪ್ಪನ ಕೈಲಿ ಹೇಳಿಸ್ತಾನಂತೆ."

"ಈ ಮಾತು ಕೊಟ್ಟಿದ್ದು ನಿಂಗೊಬ್ಬನಿಗೇ ಅಂದ್ಕೊಂಡಿದ್ದೀಯಾ? ಹೋದ ವರ್ಷದವನಿಗೂ ಕೊಟ್ಟಿದ್ರು. ಅದರ ಹಿಂದಿನವನಿಗೂ ಕೊಟ್ಟಿದ್ರು. ಅವರಲ್ಲಿ ಒಬ್ಬನ ಅಂಗಿಗಾದ್ರೂ ಮಣ್ಣು ಹತ್ತಿದ್ದು ನಾನು ನೋಡ್ಲಿಲ್ಲ ಕಣಪ್ಪ. ಈ ಗೂಡಿನ ಬಟ್ಟೆ ಒಗೆಯೋಕೇ ಇರಲ್ಲ ನಂಗೆ."

"ನಂಗೆ ಆಡ್ಬೇಕು ಅಕ್ಕ" ಎಂದ ಹುಡುಗ. ಅಷ್ಟೇ ಹೇಳಿ ಹೊರಟುಹೋದ.

ಸೋಪಕ್ಕ ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳ್ಬಾರ್ದಾ ಸಾರ್?" ನಾನು ರಸೀದಿ ಮುಂದೆ ಹಿಡಿದೆ. ನಮ್ಮ ಕೈಯಲ್ಲಿ ಏನಿದೆ, ಮೇಲಿನವರಿದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂದೆ. ಹದಿನಾರು ವರ್ಷದಲ್ಲಿ ಈ ಮಾತು ನನ್ನ ಬಾಯಲ್ಲಿ ಸವೆದುಹೋಗಿದೆ. ಆಕೆ ಸಹಿ ಹಾಕಿದಳು. ಆದರೆ ತೊಟ್ಟಿಗೆ ನೀರು ಬಿಡಲಿಲ್ಲ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಬುಧವಾರ ಸಮಿತಿಯ ಕೋಣೆಯಲ್ಲಿ ಪ್ರಿನ್ಸಿಪಾಲರು, ಪಿ.ಟಿ. ಮೇಷ್ಟ್ರು, ವಾರ್ಡನ್ ಕೂತಿದ್ದರು. ಬರೆದುಕೊಳ್ಳಲು ಮೂಲೆಯಲ್ಲಿ ನಾನು. ಕ್ಯಾಪ್ಟನ್ ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದ, ತಲೆ ನೀಟಾಗಿ ಬಾಚಿಕೊಂಡು, ತೊಟ್ಟಿಲಿಂದ ಈಗ ತಾನೇ ಎದ್ದುಬಂದ ಮಗುವಿನ ಮುಖ ಮಾಡಿಕೊಂಡು. ಹತ್ತೊಂಬತ್ತು ಮೇಜಿನ ಮುಂದೆ. "ಹೇಳಪ್ಪ, ಧೈರ್ಯವಾಗಿ ಹೇಳು" ಎಂದರು ಪ್ರಿನ್ಸಿಪಾಲರು, ಬಹುಮಾನ ಕೊಡುವವರ ದನಿಯಲ್ಲಿ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸೋಪಕ್ಕ ಬಂದಳು. ಮೂಟೆಯನ್ನು ತಂದು ಸಮಿತಿಯ ಮೇಜಿನ ಮೇಲೇ ಬಿಚ್ಚಿದಳು. ಮೂರು ದಿನದ ವಾಂತಿ, ಮುಚ್ಚಿದ ಕೋಣೆ, ಮೇಲೆ ಫ್ಯಾನು. ವಾರ್ಡನ್ ಎದ್ದು ಗೋಡೆಗೆ ಅಂಟಿಕೊಂಡರು. ಪಿ.ಟಿ. ಮೇಷ್ಟ್ರು ಕರ್ಚೀಫಿಗೆ ತಡಕಾಡಿದರು. "ಏನಮ್ಮಾ ಇದು ಅಸಹ್ಯ!" ಎಂದು ಪ್ರಿನ್ಸಿಪಾಲರು ಕೂಗಿದರು.

"ಹೌದು ಸಾರ್, ಅಸಹ್ಯವೇ. ನಾನು ಪ್ರತಿ ಸಲ ಒಬ್ಳೇ ನೋಡ್ತಿದ್ದೆ. ಇವತ್ತು ನೀವೂ ನೋಡಿ" ಎಂದಳು ಸೋಪಕ್ಕ. "ಹನ್ನೊಂದು ಅಂಗಿ ಇದೆ. ನಂಬರು ದಪ್ಪ ಅಕ್ಷರದಲ್ಲಿದೆ, ಓದ್ಕೊಳ್ಳಿ. ಇದು ಏಳು. ಇದು ನಾಲ್ಕು. ಇದು ಹತ್ತು, ಇದರ ಬೆನ್ನಿಗೆ ಪಕ್ಕದವನು ಕಕ್ಕಿದ್ದಾನೆ. ಈ ಹುಡುಗಂದು ಇಲ್ಲಿದೆ, ಮಡಿಚಿದ ಹಾಗೇ ಇದೆ. ಮೂಸಿ ನೋಡಿ. ಸೋಪಿನ ವಾಸನೆ ಬಿಟ್ರೆ ಏನಿಲ್ಲ."

ಯಾರೂ ಮೂಸಲಿಲ್ಲ. ಫೈನಲ್ ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಅತಿಥಿಗಳಿಗೆ ಆಹ್ವಾನ ಹೋಗಿತ್ತು. ಆದರೂ ಆ ಮೇಜಿನ ಮೇಲೆ ಬಿದ್ದಿದ್ದನ್ನು ಕಂಡೂ ಕಾಣದಂತೆ ಇರಲು ಸಾಧ್ಯವಿರಲಿಲ್ಲ. ಪ್ರಿನ್ಸಿಪಾಲರು ಮೊದಲ ಸಲ ಕ್ಯಾಪ್ಟನ್ನನ ಕಡೆ ನೇರವಾಗಿ ನೋಡಿದರು. ಅವನ ಮುಖದ ಬಣ್ಣ ಇಳಿಯಿತು. ಈ ಹುಡುಗ ಉಳಿದ ಅಂತ ನನಗನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ, ಉಳಿದರೆ ಬರೆಯುವ ಕೆಲಸ ಎಷ್ಟು ಹೆಚ್ಚಾಗುತ್ತದೆ ಅಂತಲೂ ಅದರ ಜೊತೆಗೇ ಅನ್ನಿಸಿತು.

ಆಗ ಹತ್ತೊಂಬತ್ತು ಮುಂದೆ ಬಂದು ಏಳನೇ ನಂಬರಿನ ಜರ್ಸಿಯನ್ನು ಎತ್ತಿಕೊಂಡ.

"ಇದು ನಂದು ಸಾರ್" ಎಂದ. "ವಾಪಸ್ ಬರೋವಾಗ ಕ್ಯಾಪ್ಟನ್ ಅಂಗಿ ನಾನು ಹಾಕ್ಕೊಂಡಿದ್ದೆ. ಆಸೆಗೆ ಹಾಕ್ಕೊಂಡಿದ್ದೆ. ಎಲ್ಲರ ಮೇಲೆ ವಾಂತಿ ಮಾಡಿದ್ದೂ ನಾನೇ."

ಅವನ ಮಾತನ್ನು ಯಾರೂ ನಂಬಲಿಲ್ಲ. ಅದು ಅವನಿಗೂ ಗೊತ್ತಾಯಿತು. ಆದ್ದರಿಂದ ಅವನು ಇನ್ನೊಂದು ಕೆಲಸ ಮಾಡಿದ. ಹಕ್ಕಳೆ ಕಟ್ಟಿದ ಆ ಜರ್ಸಿಯನ್ನು ತಲೆಯ ಮೇಲಿನಿಂದ ತೊಟ್ಟುಕೊಂಡ. ಒಣಗಿದ ಹೊಲಸು ಅವನ ಕೂದಲಿಗೆ, ರೆಪ್ಪೆಗೆ ಉದುರಿತು. ಎರಡು ಸಲ ಓಕರಿಕೆ ಬಂತು, ಬಾಯಿ ಮುಚ್ಚಿಕೊಂಡು ನುಂಗಿದ. ಕ್ಯಾಪ್ಟನ್ ಆಳೆತ್ತರದವನು. ಅಂಗಿ ಹುಡುಗನ ತೊಡೆಯವರೆಗೆ ಜೋತುಬಿತ್ತು. "ನೋಡಿ ಸಾರ್, ನಂದೇ" ಎಂದ.

ಕ್ಯಾಪ್ಟನ್ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡೇ, "ಸರಿ, ಅವನೇ ಒಪ್ಕೊಂಡಿದ್ದಾನಲ್ಲ, ಇನ್ನೇನು ಮಾತಿದೆ" ಎಂದು ಎದ್ದರು. ಅಷ್ಟು ಹಗುರಾದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಮೂವರೂ ಒಬ್ಬರ ಹಿಂದೆ ಒಬ್ಬರು ಹೊರಗೆ ನಡೆದರು, ಕ್ಯಾಪ್ಟನ್ ಅವರ ಹಿಂದೆ. ಅವರೆಲ್ಲರ ಮೇಲೂ ಅಲ್ಲೇ ಕಕ್ಕಿಬಿಡಬೇಕು ಅನ್ನಿಸಿತು ನನಗೆ. ಅನ್ನಿಸಿದ್ದನ್ನು ನಾನು ಯಾವತ್ತು ಮಾಡಿದ್ದೇನೆ?

ಸೋಪಕ್ಕ ಹುಡುಗನ ಬಳಿ ಹೋಗಿ, ಚಿಕ್ಕ ಮಕ್ಕಳಿಗೆ ಬಿಚ್ಚುವ ಹಾಗೆ ತೋಳು ಎತ್ತಿಸಿ ಜರ್ಸಿ ಬಿಚ್ಚಿದಳು. ತನ್ನ ಸೆರಗಿನಲ್ಲಿ ಅವನ ಮುಖ ಒರೆಸಿದಳು. ಬಯ್ಯಲಿಲ್ಲ. "ನಲ್ಲಿ ಹತ್ರ ಹೋಗಿ ತಲೆ ತೊಳ್ಕೊಳಪ್ಪ" ಎಂದಳು. ಅವನು ಹೋದ ಮೇಲೆ ಆ ಜರ್ಸಿಯನ್ನು ನಾನು ಬರೆಯುತ್ತಿದ್ದ ಹಾಳೆಯ ಮೇಲೆ ಇಟ್ಟಳು.

"ಇಡೀ ಮೂಟೆ ಇಲ್ಲೇ ಇರ್ಲಿ. ಇನ್ಮೇಲೆ ನೀವೇ ಒಗೀರಿ ಸಾರ್" ಎಂದಳು. "ಮೈಯಿಂದ ಬಂದ ಹೊಲಸು ನಾನು ಎಷ್ಟು ಬೇಕಾದ್ರೂ ಒಗೀತೀನಿ. ಇದು ನನ್ನ ಸೋಪಿಗೆ ಹೋಗಲ್ಲ." ಕೋಣೆಯ ಬೀಗದಕೈಯನ್ನು ಜರ್ಸಿಯ ಪಕ್ಕ ಇಟ್ಟು ಹೊರಟಳು. ಆ ಕೆಲಸಕ್ಕೆ ಆಕೆ ಮತ್ತೆ ಬರಲಿಲ್ಲ. ಗಂಡನ ಅಂಗಡಿಯಲ್ಲಿ ಕೂತಿರುತ್ತಾಳಂತೆ. ವಾಚು ಕಟ್ಟುವುದನ್ನು ನಾನು ಬಿಟ್ಟಿದ್ದೇನೆ, ಆ ಬೀದಿಗೆ ಹೋಗುವ ಮುಖ ನನಗಿಲ್ಲ.

ಸ್ಕೇಲಿನ ತುದಿಯಿಂದ ಜರ್ಸಿಯನ್ನು ಪಕ್ಕಕ್ಕೆ ಸರಿಸಿ ನಾನು ಎರಡು ಕಾಗದ ಟೈಪ್ ಮಾಡಿದೆ. ಒಂದು ಹುಡುಗನ ತಪ್ಪೊಪ್ಪಿಗೆ, ಇನ್ನೊಂದು ಭಾನುವಾರದೊಳಗೆ ಹಾಸ್ಟೆಲ್ ಖಾಲಿ ಮಾಡಬೇಕೆಂಬ ಆದೇಶ. ಹುಡುಗ ತಲೆ ತೊಳೆದುಕೊಂಡು ಬಂದ. ಕಾಗದದ ಮೇಲೆ ನೀರು ತೊಟ್ಟಿಕ್ಕದ ಹಾಗೆ ಜಾಗ್ರತೆಯಿಂದ ಹಿಂದೆ ಸರಿದು, ಬಾಗಿ, ಎರಡಕ್ಕೂ ಸಹಿ ಹಾಕಿದ. ಎರಡನ್ನೂ ಓದಲಿಲ್ಲ.

"ಸಾರ್, ಮುಂದಿನ ವರ್ಷದ ಆಯ್ಕೆ ಯಾವ ತಿಂಗಳು?" ಎಂದು ಕೇಳಿದ.

"ನೋಟಿಸ್ ಹಾಕ್ತೀವಪ್ಪ" ಎಂದೆ. "ನೋಡ್ಕೋತಾ ಇರು."