ಒಲೆಯ ಮೇಲಿನ ಅಟ್ಟ

ಚಿನ್ನದಂಗಡಿಯ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ನಿಂತಿರುತ್ತಿದ್ದ ಕಾವಲುಗಾರ ಹೋದ ತಿಂಗಳು ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಬೀದಿಯವರು ಅವನನ್ನು ಕರೆಯುತ್ತಿದ್ದುದು ‘ಎರಡ್ಸಲ’ ಎಂದು. ಯಾವ ಬೀಗ ಹಾಕಿದರೂ ಎರಡು ಸಲ ಜಗ್ಗಿ ನೋಡದೆ ಅವನು ಅಲ್ಲಿಂದ ಕದಲುತ್ತಿರಲಿಲ್ಲ. ಸ್ವಂತ ಬೀಗವೇ ಆಗಬೇಕೆಂದೇನೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ದರ್ಜಿ ಆಗಷ್ಟೇ ಹಾಕಿದ ಬೀಗವನ್ನೂ ಜಗ್ಗುತ್ತಿದ್ದ.

“ನನ್ ಬೀಗ ನಿಂಗೇನಯ್ಯಾ ಅನ್ಯಾಯ ಮಾಡಿದೆ?” ಎಂದು ದರ್ಜಿ ರೇಗಿದರೆ, “ಭದ್ರವಾಗಿದೆ, ನಿಶ್ಚಿಂತೆಯಾಗಿ ಹೋಗು” ಎನ್ನುತ್ತಿದ್ದ. ಅಪ್ಪ ನಿದ್ದೆಯಲ್ಲೂ ಮಂಚದ ಕಾಲು ಜಗ್ಗುತ್ತಾರೆ ಎಂದು ಮಗಳು ಮದುವೆಯಾಗಿ ಹೋಗುವ ತನಕ ಹೇಳಿ ನಗುತ್ತಿದ್ದಳು.

ಬಂದೂಕು ಅವನ ಸ್ವಂತದ್ದು. ಆ ಕೆಲಸದಲ್ಲಿ ಬಂದೂಕೂ ಲೈಸೆನ್ಸೂ ಇದ್ದವನಿಗೆ ಅಂಗಡಿಯ ಬಾಗಿಲು, ಇಲ್ಲದವನಿಗೆ ಲಾಠಿ ಮತ್ತು ವಾಹನ ನಿಲ್ಲಿಸುವ ಬಯಲು. ಮದುವೆಗೆ ಮೊದಲೇ ಅವನು ಅದನ್ನು ಕೊಂಡಿದ್ದ. ಹೆಂಡತಿ ಯಾರಾದರೂ ನೆಂಟರು ಬಂದರೆ ಬೀರುವಿನತ್ತ ಕೈತೋರಿಸಿ, “ಈ ಮನೆಗೆ ಹಿರಿಸೊಸೆ ಅದು. ನಾನು ಆಮೇಲೆ ಬಂದೋಳು” ಎನ್ನುತ್ತಿದ್ದಳು. ಅವನು ಆ ಬಂದೂಕಿನಿಂದ ಯಾರ ಮೇಲೂ ಗುಂಡು ಹಾರಿಸಲಿಲ್ಲ. ಅದು ಕಳವಾಗಬಾರದು ಎಂಬುದೊಂದೇ ಅವನ ಚಿಂತೆ. ಕದ್ದವನು ಅದರಿಂದ ಏನು ಮಾಡಿದರೂ ಠಾಣೆಯವರು ಮೊದಲು ಬಂದು ತಟ್ಟುವುದು ತನ್ನ ಮನೆಯ ಬಾಗಿಲನ್ನೇ ಎಂದು ಅವನಿಗೆ ಗೊತ್ತಿತ್ತು.

ಹಾಗಾಗಿ ಬಂದೂಕು ಮಲಗುವ ಕೋಣೆಯ ಬೀರುವಿನೊಳಗೆ, ಸರಪಳಿ ಬಿಗಿದು. ಕೀಲಿ ಕಪ್ಪು ದಾರದಲ್ಲಿ ಅವನ ಕೊರಳಿಗೆ. ಬಂದೂಕು, ತೋಟಾ ಎರಡನ್ನೂ ಒಂದೇ ಕಡೆ ಇಡಬಾರದೆಂದು ಅವನಿಗೆ ಹೇಳಿಕೊಟ್ಟಿದ್ದರು. ತೋಟಾಗಳ ಡಬ್ಬಿ ಎಲ್ಲಿದೆ ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ. “ಗೊತ್ತಿಲ್ಲದೋರ ಬಾಯಿ ಬಿಡಿಸೋಕೆ ಯಾರಿಂದ್ಲೂ ಆಗಲ್ಲ” ಎನ್ನುವುದು ಅವನ ವಾದ. ಜಾಗ ಹುಡುಕುವಾಗ ಅವನು ಕಳ್ಳನ ತಲೆಯಿಂದಲೇ ಯೋಚಿಸಿದ್ದ. ಕಳ್ಳ ಬೀರು ಒಡೆಯುತ್ತಾನೆ, ಹಾಸಿಗೆ ಮಗುಚುತ್ತಾನೆ, ಅಕ್ಕಿ ಡಬ್ಬಕ್ಕೂ ಕೈಹಾಕುತ್ತಾನೆ. ಒಲೆಯ ಮೇಲಿನ ಅಟ್ಟದಲ್ಲಿ ಮಸಿ ಹಿಡಿದ ದೊಡ್ಡ ಪಾತ್ರೆಗಳ ಹಿಂದೆ ಮಾತ್ರ ಹುಡುಕುವುದಿಲ್ಲ. ಡಬ್ಬಿ ಅಲ್ಲಿಗೆ ಹೋಯಿತು. ಬೆಂಕಿಯ ವಿಷಯ ಅವನಿಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಒಂದು ರಜೆಯ ದಿನ ಬೆಳಿಗ್ಗೆ. ಅವನು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಒಳಗೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಹೆಂಡತಿ ಗಾಬರಿಯಾಗದೆ ಗ್ಯಾಸು ಆರಿಸಿ ಬಾಣಲೆಯ ಮೇಲೆ ತಟ್ಟೆ ಮುಚ್ಚಿದಳು. ಅಷ್ಟರಲ್ಲಿ ಅಟ್ಟಕ್ಕೆ ದೂಳು ಬೀಳದಿರಲೆಂದು ಇಳಿಬಿಟ್ಟಿದ್ದ ಹಳೆಯ ಬಟ್ಟೆಗೆ ಉರಿ ತಗುಲಿತ್ತು. ಅಲ್ಲಿಂದ ರಟ್ಟಿನ ಪೆಟ್ಟಿಗೆಗಳಿಗೆ. ಅವಳು ಕೂಗುತ್ತಾ ಹೊರಗೆ ಬಂದಳು. ದರ್ಜಿ ಹಸಿ ಮಾಡಿದ ಕಂಬಳಿ ಹೊತ್ತು ಓಡಿಬಂದ, ಹಿಂದೆಯೇ ಬಕೆಟ್ಟು ಹಿಡಿದು ಮೇಲಿನ ಮನೆಯವರು. ಕಾವಲುಗಾರ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ.

“ಯಾರೂ ಒಳಗೆ ಹೋಗ್ಬೇಡಿ! ಕೆಳಗಿಳೀರಿ ಎಲ್ಲಾ!”

“ದಾರಿ ಬಿಡಯ್ಯಾ, ಉರೀತಾ ಇದೆ!” ಎಂದ ದರ್ಜಿ.

“ಮೇಲೆ ತೋಟಾ ಇದೆ.”

“ಏನಿದೆ?”

“ತೋಟಾ. ಬಂದೂಕಿನ ತೋಟಾ. ಅಟ್ಟದ ಮೇಲೆ.”

ದರ್ಜಿ ಕಂಬಳಿಯ ಸಮೇತ ತಿರುಗಿದವನು ಬೀದಿಯ ತುದಿಯಲ್ಲಿ ಹೋಗಿ ನಿಂತ. ಉಳಿದವರೂ ಅವನ ಹಿಂದೆ ಇಳಿದರು. ಹೆಂಡತಿ ಇಳಿಯಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅವನು ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಅಗ್ನಿಶಾಮಕದವರಿಗೆ ಅವನು ಮೊದಲೇ ವಿಷಯ ತಿಳಿಸಿದ್ದರಿಂದ ಅವರು ದೂರದಿಂದಲೇ ನೀರು ಹಾಯಿಸಿದರು. ಕೆಲವು ತೋಟಾಗಳು ಪಟಪಟನೆ ಸಿಡಿದವು. ಒಂದು ಹಂಡೆಯ ಹೊಟ್ಟೆ ಹರಿಯಿತು. ಯಾರಿಗೂ ಏನೂ ಆಗಲಿಲ್ಲ. ಅವರ ಮುಖ್ಯಸ್ಥ ಕೈಗವಸು ಹಿಂಡುತ್ತಾ ಹೇಳಿದ: “ಬಂದೂಕಿನಿಂದ ಹೊಡ್ದ ಹಾಗೆ ದೂರ ಹಾರಲ್ಲ ಇವು, ನಿಜ. ಆದ್ರೆ ಹತ್ತಿರ ನಿಂತೋರ ಕಣ್ಣಿಗೆ ಒಂದು ಚೂರು ಬಿದ್ರೆ ಸಾಕಲ್ವಾ? ಸದ್ಯ, ತೆಳು ತಗಡಿನ ಡಬ್ಬಿ. ಗಾಳಿಯಾಡದ ದಪ್ಪ ಕಬ್ಬಿಣದ್ದಾಗಿದ್ರೆ ಡಬ್ಬೀನೇ ಬಾಂಬಾಗ್ತಿತ್ತು.” ಆಮೇಲೆ ಹೆಂಡತಿಯ ಕಡೆ ತಿರುಗಿ, “ನಿಮಗಾದ್ರೂ ಗೊತ್ತಿರಬೇಕಿತ್ತಮ್ಮ” ಎಂದ.

ಆತ ಹೋದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

“ನಾನು ದಿನಾ ನಿಂತು ಬೇಯಿಸೋ ಜಾಗ ರೀ ಅದು. ನನ್ನ ನೆತ್ತಿ ಮೇಲೆ ಇಟ್ಟಿದ್ರಾ?”

“ಕಳ್ಳನಿಗೆ ಗೊತ್ತಾಗಬಾರದು ಅಂತ ಕಣೇ...”

“ನಾನು ಕಳ್ಳಿನಾ?”



ವೆಲ್ಡಿಂಗ್ ಅಂಗಡಿಯ ಗೆಳೆಯನನ್ನು ಹಿಡಿದು ಅವನು ಕಬ್ಬಿಣದ ಕಪಾಟು ಮಾಡಿಸಿದ. ಎರಡು ಪದರ ತಗಡು, ನಡುವೆ ಜಿಪ್ಸಮ್ ಹಲಗೆ, ಬಿಸಿ ತಡೆಯಲು. ಹೊತ್ತುಕೊಂಡು ಹೋಗದಂತೆ ಒಳಗಿನಿಂದಲೇ ಗೋಡೆಗೆ ಬೋಲ್ಟು. ಜಾಗ, ಅಡುಗೆಮನೆಗೂ ಕರೆಂಟಿನ ಬೋರ್ಡಿಗೂ ದೂರವಾದ ಮೂಲೆ. ತೋಟಾಗಳಿಗೆ ಇನ್ನೊಂದು ಕೋಣೆಯಲ್ಲಿ, ನೆಲಮಟ್ಟದಲ್ಲಿ, ಗಾಳಿಯಾಡುವ ಮರದ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ.

“ಏನಯ್ಯಾ ಎರಡ್ಸಲ, ಬಂದೂಕಿಗೆ ಅರಮನೆ ಕಟ್ಟಿಸ್ತಾ ಇದೀಯಾ? ಗೃಹಪ್ರವೇಶಕ್ಕೆ ಕರೀತೀಯ ತಾನೆ?” ಎಂದ ಗೆಳೆಯ.

“ಬೋಲ್ಟು ಬಿಗಿ ಮಾಡು, ಬಾಯಿ ಸಡಿಲ ಬಿಡ್ಬೇಡ.”

ಅರಮನೆಯೊಳಗೆ ತೇವ ನಿಂತು ನಳಿಗೆಯ ಮೇಲೆ ತುಕ್ಕಿನ ಚುಕ್ಕೆ ಬಂದಾಗ ಅವನು ಚಪ್ಪಲಿ ಅಂಗಡಿಗಳನ್ನು ಸುತ್ತಿ, ಬೂಟಿನ ಡಬ್ಬಗಳಲ್ಲಿರುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಒಟ್ಟುಮಾಡಿ ತಂದ. “ಇದಕ್ಕೂ ಭಿಕ್ಷೆ ಎತ್ತಿದ್ರಾ?” ಎಂದಳು ಹೆಂಡತಿ. ಎಲ್ಲ ವಿಷಯಕ್ಕೂ ಅವಳು ಮಾತಾಡುತ್ತಿದ್ದಳು, ನಗುತ್ತಿದ್ದಳು. ಕಪಾಟಿನ ಎರಡನೆಯ ಕೀಲಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅವನು ಅಂಗೈಯಲ್ಲಿಟ್ಟು ಚಾಚಿದಾಗ ಕೈ ಹಿಂದೆ ಕಟ್ಟಿಕೊಂಡಳು. “ಆಗ ಬೇಡವಾಗಿದ್ದೋಳು ಈಗ್ಯಾಕೆ ಬೇಕಾದೆ? ಇಟ್ಕೊಳ್ಳಿ.” ಕಪ್ಪು ದಾರಕ್ಕೆ ಎರಡೂ ಕೀಲಿ ಬಿದ್ದವು.

ಅದನ್ನಾದರೂ ಅವನು ನುಂಗಿಕೊಂಡಾನು. ನುಂಗಲಾಗದ್ದು ಬೇರೆ. ಅಡುಗೆಮನೆಗೆ ಕಾಲಿಡುವ ಮೊದಲು ಅವಳು ಹೊಸ್ತಿಲಲ್ಲಿ ತುಸು ನಿಂತು ಕತ್ತೆತ್ತಿ ಅಟ್ಟದ ಕಡೆ ನೋಡುತ್ತಿದ್ದಳು. ನೀರಿಗೆ ಹೋಗಲಿ, ಲೋಟಕ್ಕೆ ಹೋಗಲಿ, ಮೊದಲು ಮೇಲೆ ನೋಟ. ಅವನು ಗಾರೆಯವನನ್ನು ಕರೆಸಿ ಅಟ್ಟವನ್ನೇ ಒಡೆಸಿ, ಗೋಡೆಗೆ ಸುಣ್ಣ ಹೊಡೆಸಿದ. ಅವಳು ಬರಿಗೋಡೆಯನ್ನು ನೋಡಿ ಒಳಗೆ ಹೋಗತೊಡಗಿದಳು. ಅಂಗಡಿಯ ಬಾಗಿಲಲ್ಲಿ ನಿಂತಾಗಲೂ ಅವನಿಗೆ ಮೇಲೆತ್ತಿದ ಅವಳ ಆ ಕತ್ತೇ ಕಣ್ಣಿಗೆ ಬರುತ್ತಿತ್ತು. ತನ್ನ ಮನೆಯಲ್ಲಿ ತನ್ನ ಹೆಂಡತಿ ಹೆದರದೆ ಓಡಾಡಬೇಕು. ಕೊನೆಯ ವರ್ಷಗಳಲ್ಲಿ ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಮಂಡಿನೋವು ಹೆಚ್ಚಾಗಿ ಕೆಲಸ ಬಿಟ್ಟ. ಬಂದೂಕು ಬಿಡಲಿಲ್ಲ. ಭಾನುವಾರ ಭಾನುವಾರ ಎಣ್ಣೆ ಹಚ್ಚಿ ಒರೆಸಿ ಒಳಗಿಡುತ್ತಿದ್ದ. ಇನ್ನು ಯಾತಕ್ಕಯ್ಯಾ ಅದು ಎಂದು ವೆಲ್ಡಿಂಗಿನ ಗೆಳೆಯ ಕೇಳಿದರೆ, “ಅದನ್ನ ಕೊಟ್ಬಿಟ್ರೆ ನಾನು ಬರೀ ಮುದುಕ ಕಣಯ್ಯಾ” ಎಂದಿದ್ದ.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಹೆಂಡತಿ ಅವನಿಗೆ ಮಾತ್ರೆ ತರಲೆಂದು ಅಡುಗೆಮನೆಗೆ ಹೋದಳು. ಅವನಿಗೆ ಎದೆ ಹಿಡಿದಂತಾಗುತ್ತಿತ್ತು, ಮಾತ್ರೆ ನುಂಗಿಸಲು ಅವಸರದಲ್ಲಿದ್ದಳು. ಆ ಅವಸರದಲ್ಲೂ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದಳು. ಅವನು ಮಾತ್ರೆ ನುಂಗಿ, ಗೆಳೆಯನಿಗೆ ಫೋನು ಮಾಡಿ ವ್ಯಾನು ತರಲು ಹೇಳಿದ. ಇಬ್ಬರೂ ಬಂದೂಕನ್ನೂ ತೋಟಾಗಳನ್ನೂ ಠಾಣೆಗೆ ಒಯ್ದು, ಲೈಸೆನ್ಸಿನ ಸಮೇತ ಒಪ್ಪಿಸಿ ಬಂದರು. ದಾರಿಯಲ್ಲಿ ಗೆಳೆಯ ಆಸ್ಪತ್ರೆಗೆ ಹೋಗೋಣವೇ ಎಂದರೆ, ಊಟ ಮಾಡಿ ಸಂಜೆ ಹೋದರಾಯಿತು ಎಂದ.

ಮನೆಗೆ ಬಂದು ಕಪಾಟು ತೆರೆದು ಹೆಂಡತಿಗೆ ತೋರಿಸಿದ. ಪೊಟ್ಟಣಗಳ ಚೀಲವೊಂದು ಒಳಗೆ ನೇತಾಡುತ್ತಿತ್ತು. ಅವಳು ಒಳಗೆ ಕೈಯಾಡಿಸಿ ನೋಡಿದಳು. ಅವನು ಬಾಗಿಲು ಮುಚ್ಚಿ, ಬೀಗ ಹಾಕಿ, ಎರಡು ಸಲ ಜಗ್ಗಿದ.

“ಖಾಲಿ ಪೆಟ್ಟಿಗೆ ಕದಿಯೋಕೆ ಯಾವ ಕಳ್ಳ ಬರ್ತಾನೆ ರೀ?” ಎಂದು ಅವಳು ನಕ್ಕು ಊಟ ಬಡಿಸಲು ಹೊರಟಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮೇಲೆ ನೋಡಿದಳು. ಅವನು ನೋಡುತ್ತಿರುವುದು ಗೊತ್ತಾಗಿ ತಿರುಗಿ, “ನಿಮಗೆ ಜಗ್ಗೋ ಚಟ, ನನಗೆ ನೋಡೋ ಚಟ. ಬಿಡಿ, ಹೋಗುತ್ತೆ ನಿಧಾನಕ್ಕೆ” ಎಂದಳು.

ಅವನು ಊಟ ಮಾಡಿದ, ಕೈ ತೊಳೆದ. ಕೊರಳಿನ ಕಪ್ಪು ದಾರ ತೆಗೆದು, ಎರಡೂ ಕೀಲಿಗಳನ್ನು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಗ್ಯಾಸ್ ಲೈಟರ್ ತೂಗುಹಾಕುವ ಮೊಳೆಗೆ ಸಿಕ್ಕಿಸಿದ. ಆಮೇಲೆ ಹೋಗಿ ಮಲಗಿದ.